ಮೂರು ಬಗೆಯ ಕೀಲ್, ಒಂದೇ ರ‍್ಯಾಂಪ್: ಟ್ರೈಲರ್ ಮೇಲೆ ಒಯ್ಯುವ ಮೊದಲ ಹಾಯಿದೋಣಿ

ನಾನು ಕೊಂಡದ್ದು ಕೀಲನ್ನು ಪೂರ್ತಿ ಮೇಲೆತ್ತಬಹುದಾದ, 19 ಅಡಿಯ ಹಳೆಯ ಹಾಯಿದೋಣಿ. ನಾಳೆ ಮತ್ತೆ ಕೊಳ್ಳಬೇಕಾಗಿ ಬಂದರೂ ಅದನ್ನೇ ಕೊಳ್ಳುತ್ತೇನೆ. ಅದಕ್ಕೆ ಮೊದಲು ಇನ್ನೆರಡು ಬಗೆಯ ದೋಣಿಗಳಲ್ಲಿ ಸಾಕಷ್ಟು ಓಡಾಡಿದ್ದೆ. ಒಂದು, ತಳಕ್ಕೆ ಅಂಟಿಕೊಂಡೇ ಇರುವ ಗಿಡ್ಡ ಕೀಲ್‌ನ 16 ಅಡಿಯದ್ದು. ಗೆಳೆಯನೊಬ್ಬ ಅದನ್ನು ಇಡೀ ಹಂಗಾಮಿಗೆ ನನ್ನ ಕೈಗೆ ಬಿಟ್ಟಿದ್ದ. ಇನ್ನೊಂದು, ಹೊಟ್ಟೆಯಲ್ಲಿರುವ ಟ್ಯಾಂಕಿಗೆ ನೀರು ತುಂಬಿಸಿಕೊಂಡು ಭಾರವಾಗುವ 26 ಅಡಿಯದ್ದು. ಅದರಲ್ಲಿ ಪಾಲು ತೆಗೆದುಕೊಳ್ಳುವ ಮಾತು ನಡೆದಿತ್ತು. ಹಾಗಾಗಿ ಅದನ್ನೂ ಚೆನ್ನಾಗಿ ಓಡಿಸಿ ನೋಡಿದೆ.

ಹೊಸಬರಿಗೆ ಒಂದು ಮಾತು. ಕೀಲ್ ಅಂದರೆ ದೋಣಿಯ ತಳದಿಂದ ನೀರಿಗೆ ಇಳಿದಿರುವ ರೆಕ್ಕೆ. ಗಾಳಿ ಪಕ್ಕದಿಂದ ತಳ್ಳಿದಾಗ ದೋಣಿ ಅಡ್ಡಡ್ಡ ಜಾರದಂತೆ ಅದು ಹಿಡಿಯುತ್ತದೆ. ಭಾರವಿದ್ದರೆ ಮಗುಚದಂತೆಯೂ ನೋಡಿಕೊಳ್ಳುತ್ತದೆ. ನೀರಿನಲ್ಲಿ ಅದು ಆಳವಾಗಿ ಇಳಿದಿದ್ದಷ್ಟೂ ಒಳ್ಳೆಯದು. ಕಾರಿನ ಹಿಂದೆ ಎಳೆದೊಯ್ಯುವ ಟ್ರೈಲರ್ ಮೇಲೆ ಮಾತ್ರ ಅದು ಇಲ್ಲದಿದ್ದರೇನೇ ಒಳ್ಳೆಯದು. ಟ್ರೈಲರ್ ದೋಣಿಗಳ ಎಲ್ಲ ಜಗಳ ಇರುವುದು ಇಲ್ಲೇ.

ಎಷ್ಟು ಜನ ಮಲಗಬಹುದು, ಹಾಯಿ ಎಷ್ಟು ಚದರಡಿ ಅನ್ನುವುದೆಲ್ಲ ಮಾರುವವರೇ ಹೇಳುತ್ತಾರೆ. ನನಗೆ ಬೇಕಿದ್ದ ಲೆಕ್ಕ ಬೇರೆ. ಕಾರು ನಿಲ್ಲಿಸಿದ ಮೇಲೆ ದೋಣಿ ತೇಲುವುದಕ್ಕೆ ಎಷ್ಟು ಹೊತ್ತು, ಎಷ್ಟು ಜನ? ನಾನು ಹೆಚ್ಚಾಗಿ ಒಬ್ಬನೇ ಹೋಗುತ್ತೇನೆ, ಅದೂ ಅರ್ಧ ದಿನದ ಬಿಡುವಿನಲ್ಲಿ. ನನ್ನ ಕಾರು ದೊಡ್ಡದಲ್ಲ. ಮುಂದೆ ಹೇಳುವುದೆಲ್ಲ ಈ ಕಣ್ಣಿನಿಂದಲೇ ನೋಡಿದ್ದು.

ಗಿಡ್ಡ ಕೀಲ್‌ನ ದೋಣಿಯನ್ನು ಮೊದಲು ಹೊಗಳಬೇಕು. ಈ ಬಗೆಗೆ ಒಳ್ಳೆಯ ಉದಾಹರಣೆ ಕಾಂಪ್ಯಾಕ್ 16. ಮಕ್ಕಳು ಹಾಯಿ ಕಲಿಯುವ ಆಪ್ಟಿಮಿಸ್ಟ್ ದೋಣಿಯನ್ನು 1947ರಲ್ಲಿ ರೂಪಿಸಿದ ಕ್ಲಾರ್ಕ್ ಮಿಲ್ಸ್ ಅವರದ್ದೇ ವಿನ್ಯಾಸ ಅದು. ನೀರಿನೊಳಗೆ ಇಳಿಯುವುದು ಒಂದೂವರೆ ಅಡಿ, ಅಷ್ಟೇ. ಕೀಲ್ ಎತ್ತಲು ತಂತಿ ಸುತ್ತುವ ವಿಂಚ್ ಇಲ್ಲ, ತಂತಿ ಇಲ್ಲ, ಸವೆಯುವ ಪಿನ್ ಇಲ್ಲ. ಕ್ಯಾಬಿನ್ ನಡುವೆ ಕೀಲ್ ಕೂರುವ ಪೆಟ್ಟಿಗೆ ಅಡ್ಡ ಬರುವುದಿಲ್ಲ. ಗೆಳೆಯನ ದೋಣಿಯೂ ಇದೇ ಜಾತಿಯದ್ದು. ಜೋರು ಗಾಳಿ ಬಡಿದಾಗ ಗಾಬರಿಯಾಗದೆ ಬಾಗಿ, ಮತ್ತೆ ನೆಟ್ಟಗಾಗುತ್ತಿತ್ತು. ಗಾಳಿಗೆ ಎದುರಾಗಿ ಓರೆಯಲ್ಲಿ ಹೋಗುವಾಗ ಸ್ವಲ್ಪ ಪಕ್ಕಕ್ಕೆ ಜಾರುತ್ತಿತ್ತು. ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ದೋಣಿಯನ್ನು ನೀರಿಗಿಳಿಸುವ ಕಾಂಕ್ರೀಟ್ ಇಳಿಜಾರಿನಲ್ಲಿ, ಅಂದರೆ ರ‍್ಯಾಂಪಿನಲ್ಲಿ.

ಒಂದೂವರೆ ಅಡಿ ಕಡಿಮೆ ಅಲ್ವಾ ಅನ್ನಿಸುತ್ತದೆ. ಆದರೆ ಕೀಲ್ ಕೂತಿರುವುದು ಟ್ರೈಲರ್‌ನ ಅಡ್ಡಪಟ್ಟಿಯ ಮೇಲೆ. ಆ ಪಟ್ಟಿ ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿರುತ್ತದೆ. ಹಾಗಾಗಿ ದೋಣಿ ತೇಲಬೇಕಾದರೆ ಟ್ರೈಲರ್‌ನ ಚಕ್ರ ನಿಂತ ಕಡೆ ಎರಡೂವರೆ ಅಡಿ ನೀರು ಬೇಕು. ಎಂಟು ಅಡಿಗೆ ಒಂದು ಅಡಿ ಇಳಿಯುವ ಕಡಿದಾದ ರ‍್ಯಾಂಪಿನಲ್ಲಿ ಅಷ್ಟು ಆಳ ಸಿಗುವುದು ನೀರಿನ ಅಂಚಿನಿಂದ 20 ಅಡಿ ಒಳಗೆ. ಹನ್ನೆರಡು ಅಡಿಗೆ ಒಂದು ಅಡಿ ಇಳಿಯುವ ಕಡೆ 30 ಅಡಿ ಒಳಗೆ. ಟ್ರೈಲರ್ ಚಕ್ರದಿಂದ ಕಾರಿನ ಕೊಕ್ಕೆಯವರೆಗೆ ಇರುವುದು ಹನ್ನೆರಡು ಅಡಿಯಷ್ಟು. ಉಳಿದ ದೂರಕ್ಕೆ ಕಾರೇ ನೀರಿಗೆ ಇಳಿಯಬೇಕು.

ಇದಕ್ಕೆ ಎರಡು ಉಪಾಯಗಳಿವೆ. ಟ್ರೈಲರ್‌ನ ಮೂತಿಯೊಳಗಿಂದ ಹೊರಗೆಳೆಯುವ ಉಕ್ಕಿನ ಕೊಳವೆ ಒಂದು. ಎಳೆದು ಪಿನ್ ಹಾಕಿದರೆ ಕಾರಿಗೂ ಟ್ರೈಲರ್‌ಗೂ ನಡುವೆ ಇನ್ನಷ್ಟು ಅಡಿ ಸಿಗುತ್ತದೆ. ಅದು ರ‍್ಯಾಂಪಿಗೆ ಮಾತ್ರ, ರಸ್ತೆಗೆ ಬರುವ ಮೊದಲು ಒಳಗೆ ತಳ್ಳಲೇಬೇಕು. ಗೆಳೆಯನ ಟ್ರೈಲರ್‌ಗೆ ಅದು ಇರಲಿಲ್ಲ. ಇನ್ನೊಂದು ಉಪಾಯ ಪಟ್ಟಿ ಕಟ್ಟಿ ಇಳಿಸುವುದು. ಟ್ರೈಲರ್ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಕೊಕ್ಕೆ ಬಿಡಿಸಿ, ಕಾರನ್ನು ಮುಂದೆ ತೆಗೆದುಕೊಂಡು, ನಡುವೆ ಗಟ್ಟಿ ಪಟ್ಟಿ ಕಟ್ಟಿ, ಗಟ್ಟೆ ತೆಗೆದು, ಕಾರನ್ನು ನಿಧಾನವಾಗಿ ಹಿಂದಕ್ಕೆ ಬಿಡಬೇಕು. ಟ್ರೈಲರ್ ತನ್ನ ಮೂತಿಯ ಪುಟ್ಟ ಚಕ್ರದ ಮೇಲೆ ಉರುಳುತ್ತಾ ನೀರಿಗೆ ಇಳಿಯುತ್ತದೆ. ಮಾಮೂಲಿ ಚಿಕ್ಕ ಚಕ್ರ ಇದಕ್ಕೆ ಸಾಲದು. ಕಾಂಕ್ರೀಟಿನ ಗೀರಿನಲ್ಲಿ ಸಿಕ್ಕಿಕೊಂಡು ಟ್ರೈಲರ್ ಓರೆಯಾಗುತ್ತದೆ. ಒಬ್ಬರೇ ಇದ್ದರೆ ಸ್ಟಿಯರಿಂಗ್ ಹಿಡಿಯಬೇಕೋ, ಇಳಿದು ಹೋಗಿ ಮೂತಿ ತಿರುಗಿಸಬೇಕೋ? ಎರಡೂ ಒಟ್ಟಿಗೆ ಆಗುವುದಿಲ್ಲ.

ಇಳಿಸುವುದಾದರೂ ಪರವಾಗಿಲ್ಲ, ಹತ್ತಿಸುವುದು ಇನ್ನೂ ಕಷ್ಟ. ಟ್ರೈಲರ್ ಪೂರ್ತಿ ಮುಳುಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಣದ ಅಡ್ಡಪಟ್ಟಿಯ ಮೇಲೆ ಕೀಲನ್ನು ಸರಿಯಾಗಿ ನಡುವಿಗೆ ತಂದು ಕೂರಿಸಬೇಕು. ಪಕ್ಕದಿಂದ ಸಣ್ಣ ಗಾಳಿ ಬೀಸಿದರೂ ಹಿಂಬದಿ ಸರಿದುಬಿಡುತ್ತದೆ. ಟ್ರೈಲರ್‌ನ ಎರಡೂ ಬದಿಗೆ ನೀರಿನ ಮೇಲೆ ಕಾಣುವಂತೆ ಪ್ಲಾಸ್ಟಿಕ್ ಪೈಪಿನ ಕಂಬ ನಿಲ್ಲಿಸಿದ ಮೇಲೆ ಅರ್ಧ ಕಷ್ಟ ಇಳಿಯಿತು. ಇದು ಯಾವ ದೋಣಿಗಾದರೂ ಮಾಡಿಸಬೇಕಾದ ಕೆಲಸ.

ಬೇಸಿಗೆಯಲ್ಲಿ ನೀರು ಇಳಿದಾಗ ಇನ್ನೊಂದು ತೊಂದರೆ. ರ‍್ಯಾಂಪಿನ ಕಾಂಕ್ರೀಟ್ ಒಂದು ಕಡೆ ಮುಗಿಯುತ್ತದೆ. ಅದರಾಚೆ ಹೆಚ್ಚಾಗಿ ಗುಂಡಿ ಇರುತ್ತದೆ. ಮೋಟಾರ್ ದೋಣಿಯವರು ಎಂಜಿನ್ ಜೋರು ಮಾಡಿ ಟ್ರೈಲರ್ ಹತ್ತುತ್ತಾರಲ್ಲ, ಆ ಪ್ರೊಪೆಲರ್ ನೀರು ತಳದ ಮಣ್ಣನ್ನು ಕೊರೆದು ಹಾಕಿರುತ್ತದೆ. ಎರಡೂವರೆ ಅಡಿ ಆಳ ಹುಡುಕುತ್ತಾ ಹೋದ ಟ್ರೈಲರ್ ಚಕ್ರ ಆ ಅಂಚಿನಿಂದ ಕೆಳಗೆ ಬಿದ್ದರೆ ಆಕ್ಸಲ್ ಕಾಂಕ್ರೀಟಿಗೆ ಸಿಕ್ಕಿಕೊಳ್ಳುತ್ತದೆ. ಮುಂದಕ್ಕೆ ಎಳೆದಷ್ಟೂ ಬಿಗಿಯಾಗುತ್ತದೆ. ನಾಲ್ಕು ಜನ ನೀರಿಗಿಳಿದು ಎತ್ತಬೇಕು. ಹಿಂದೆ ಬೇರೆ ದೋಣಿಗಳು ಸಾಲಾಗಿ ಕಾಯುತ್ತಿರುತ್ತವೆ.

ಎಂಥ ಚೆಂದದ ದೋಣಿಯಾದರೂ ಈ ರಗಳೆ ನೆನೆದು ಮನೆಯಲ್ಲೇ ಉಳಿದ ದಿನಗಳಿವೆ. ನನ್ನ ಮಟ್ಟಿಗೆ ತೀರ್ಮಾನ ಅಲ್ಲೇ ಆಗಿಹೋಯಿತು. ನಿಮ್ಮ ಹತ್ತಿರದ ರ‍್ಯಾಂಪ್ ಕಡಿದಾಗಿದ್ದು ವರ್ಷವಿಡೀ ನೀರು ನಿಲ್ಲುವುದಾದರೆ, ಇಲ್ಲವೇ ದೋಣಿಯನ್ನು ತಿಂಗಳುಗಟ್ಟಲೆ ನೀರಿನಲ್ಲೇ ಕಟ್ಟಿಡುವುದಾದರೆ, ಗಿಡ್ಡ ಕೀಲನ್ನೇ ಕೊಳ್ಳಿ ಅನ್ನುತ್ತೇನೆ.

ನೀರಿನ ಭಾರದ ದೋಣಿಯ ಜಾಣತನ ನನಗೆ ಈಗಲೂ ಇಷ್ಟ. ಮ್ಯಾಕ್‌ಗ್ರೆಗರ್ 26 ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ರಸ್ತೆಯಲ್ಲಿ ಟ್ಯಾಂಕ್ ಖಾಲಿ. ಹಾಗಾಗಿ 26 ಅಡಿ ಉದ್ದದ ದೋಣಿಯನ್ನು ಅದರ ಗಾತ್ರಕ್ಕೆ ಹೋಲಿಸಿದರೆ ಸಾಧಾರಣ ಕಾರೇ ಎಳೆಯುತ್ತದೆ. ನೀರಿಗೆ ಇಳಿದ ಮೇಲೆ ಕವಾಟ ತೆರೆದರೆ ಅರ್ಧ ಟನ್ನಿನಷ್ಟು ನೀರು ತಾನಾಗಿ ಒಳಗೆ ಬರುತ್ತದೆ. ಆಮೇಲೆ ಕವಾಟ ಮುಚ್ಚಿ, ಗಾಳಿಯ ತೂತಿಗೆ ಬಿರಡೆ ಹಾಕಿ ಹೊರಡುವುದು.

ಆದರೆ ನೀರಿನೊಳಗಿರುವ ನೀರಿಗೆ ತೂಕವಿಲ್ಲ. ದೋಣಿ ಬಾಗಿ, ಟ್ಯಾಂಕಿನ ಒಂದು ಬದಿ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲೆ ಬಂದಾಗ ಮಾತ್ರ ಅದು ಭಾರವಾಗಿ ಕೆಳಗೆ ಎಳೆಯುತ್ತದೆ. ಅದಕ್ಕೇ ಈ ದೋಣಿ ಮೊದಲು ಥಟ್ಟನೆ ಬಾಗುತ್ತದೆ, ಆಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಆ ಮೊದಲ ಬಾಗು ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಟ್ಯಾಂಕ್ ಅರ್ಧ ತುಂಬಿರುವಾಗ ಹಾಯಿ ಏರಿಸುವುದಂತೂ ಅಪಾಯ. ಒಳಗಿನ ನೀರು ಬಾಗಿದ ಕಡೆಗೇ ಹರಿದು ಇನ್ನಷ್ಟು ಬಾಗಿಸುತ್ತದೆ. ಪೂರ್ತಿ ತುಂಬಿದೆಯೇ ಎಂದು ಪ್ರತಿ ಸಲ ಕಣ್ಣಾರೆ ನೋಡಬೇಕು. ವಾಪಸ್ ಹತ್ತಿಸುವಾಗ ರ‍್ಯಾಂಪಿನಲ್ಲಿ ನಿಂತು ನೀರು ಸೋರಲು ಬಿಡಬೇಕು. ಇಲ್ಲವಾದರೆ ಆ ಅರ್ಧ ಟನ್ನನ್ನೂ ಕಾರೇ ಎಳೆಯಬೇಕು.

ಮೈ ಎತ್ತರ, ತೂಕ ಕಡಿಮೆ. ಹಾಗಾಗಿ ನಿಧಾನವಾಗಿ ದಡಕ್ಕೆ ಬರುವಾಗ ಗಾಳಿ ಅದನ್ನು ಎತ್ತಲೋ ಒಯ್ಯುತ್ತದೆ. ಒಳಗಿನ ಜಾಗದಲ್ಲಿ ಮಾತ್ರ ಇದಕ್ಕೆ ಸಾಟಿಯಿಲ್ಲ. ಮಕ್ಕಳೊಂದಿಗೆ ವಾರಗಟ್ಟಲೆ ಹೋಗುವವರಿಗೆ ನಾನೇ ಇದನ್ನು ಹೇಳುತ್ತೇನೆ.

ಇನ್ನು ನನ್ನದು. ಮೇಲೆತ್ತುವ ಕೀಲಿನಲ್ಲಿ ಎರಡು ಬಗೆಯಿದೆ. 1969ರಲ್ಲಿ ಫ್ರಾಂಕ್ ಬಟ್ಲರ್ ತಂದ ಕ್ಯಾಟಲೀನಾ 22ರ ಒಂದು ಬಗೆಯಲ್ಲಿ ಸುಮಾರು 250 ಕಿಲೋ ತೂಕದ ಕಬ್ಬಿಣದ ಕೀಲ್ ಒಂದು ಪಿನ್ನಿನ ಮೇಲೆ ತೂಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಪೂರ್ತಿ ಎತ್ತಿದಾಗಲೂ ಅದು 20 ಇಂಚು ನೀರು ಕೇಳುತ್ತದೆ, ಅಂದರೆ ಗಿಡ್ಡ ಕೀಲಿಗಿಂತ ಜಾಸ್ತಿ. ಪಿನ್ ಇರುವುದು ದೋಣಿಯ ಅಡಿಯಲ್ಲಿ. ಸವೆದಿದೆಯೇ ಎಂದು ನೋಡಲು ದೋಣಿಯನ್ನು ಟ್ರೈಲರ್‌ನಿಂದ ಮೇಲೆತ್ತಿ ಕೀಲನ್ನು ಕೆಳಗಿಳಿಸಬೇಕು. ಅಂಥ ಸೌಕರ್ಯ ನನ್ನ ಹತ್ತಿರ ಇಲ್ಲ. ಇನ್ನೊಂದು ಬಗೆಯಲ್ಲಿ ಉಕ್ಕಿನ ಹಲಗೆ ನೇರವಾಗಿ ಮೇಲೆ ಬಂದು ಪೆಟ್ಟಿಗೆಯೊಳಗೆ ಕೂರುತ್ತದೆ. ವೆಸ್ಟ್ ವೈಟ್ ಪಾಟರ್ 19 ಹೀಗೆ. ಹಲಗೆ ಎತ್ತಿದರೆ ಅರ್ಧ ಅಡಿ ನೀರು ಸಾಕು, ಇಳಿಸಿದರೆ ಮೂರೂವರೆ ಅಡಿ. ನನ್ನದು ಬೇರೆಯವರು ಕಟ್ಟಿದ್ದು, ಆದರೆ ಇದೇ ಏರ್ಪಾಡು.

ಅರ್ಧ ಅಡಿಗೆ ಟ್ರೈಲರ್‌ನ ಒಂದು ಅಡಿ ಸೇರಿಸಿ. ಒಂದೂವರೆ ಅಡಿ ನೀರು. ಕಡಿದಾದ ರ‍್ಯಾಂಪಿನಲ್ಲಿ ಕಾರಿನ ಚಕ್ರ ಒಣಗಿಯೇ ಇರುತ್ತದೆ. ಮಟ್ಟವಾದ ರ‍್ಯಾಂಪಿನಲ್ಲಿ ಹಿಂದಿನ ಟೈರು ನಾಲ್ಕು ಬೆರಳು ನೆನೆಯಬಹುದು. ಕೊಕ್ಕೆ ಬಿಡಿಸುವುದಿಲ್ಲ, ಪಟ್ಟಿ ಕಟ್ಟುವುದಿಲ್ಲ, ಯಾರನ್ನೂ ಕರೆಯುವುದಿಲ್ಲ. ಗಾಳಿ ಚೆನ್ನಾಗಿದೆ ಅನ್ನಿಸಿದ ಸಂಜೆಗೂ ಹೊರಟುಬಿಡುತ್ತೇನೆ.

ಇದಕ್ಕೂ ಕೊರತೆಗಳಿವೆ. ಕೀಲಿನ ಪೆಟ್ಟಿಗೆ ಕ್ಯಾಬಿನ್ನನ್ನು ಎರಡು ಪಾಲು ಮಾಡುತ್ತದೆ. ತೂಗುವ ಕೀಲ್ ಕಲ್ಲಿಗೆ ತಾಗಿದರೆ ಹಿಂದಕ್ಕೆ ಸರಿಯುತ್ತದೆ, ನೇರ ಇಳಿಯುವ ಹಲಗೆ ಸರಿಯುವುದಿಲ್ಲ. ಪೆಟ್ಟೆಲ್ಲ ಪೆಟ್ಟಿಗೆಗೇ. ಹಾಗಾಗಿ ಗೊತ್ತಿಲ್ಲದ ನೀರಿನಲ್ಲಿ ಕೀಲನ್ನು ಸ್ವಲ್ಪ ಎತ್ತಿಕೊಂಡೇ ಹೋಗುತ್ತೇನೆ. ಲಂಗರು ಹಾಕಿ ಮಲಗಿದಾಗ ಹಲಗೆ ಟಕ್ ಟಕ್ ಎನ್ನುತ್ತದೆ. ಸಂದಿಗೆ ಮರದ ಬೆಣೆ ಹೊಡೆದರೆ ನಿಲ್ಲುತ್ತದೆ. ಹಾಯಿ ಏರಿಸುವ ಮೊದಲು ಕೀಲನ್ನು ಬೋಲ್ಟ್ ಹಾಕಿ ಬಿಗಿ ಮಾಡಲೇಬೇಕು. ದೋಣಿ ಜೋರಾಗಿ ಬಾಗಿದಾಗ ಹಲಗೆ ಒಳಗೆ ಜಾರಿದರೆ, ಅದು ಇದ್ದೂ ಇಲ್ಲದ ಹಾಗೆ. ವಿಂಚಿನ ತಂತಿಯಲ್ಲಿ ಒಂದು ಎಳೆ ಕಿತ್ತಿದ್ದು ಕಂಡರೂ ಸಾಕು, ಇಡೀ ತಂತಿ ಬದಲಿಸುತ್ತೇನೆ.

ಕೈಯಲ್ಲಿದ್ದ ಹಣದ ಮೂರನೇ ಒಂದು ಪಾಲನ್ನು ದೋಣಿಗೆ ಕೊಡದೆ ಎತ್ತಿಟ್ಟಿದ್ದೆ. ಅದು ಯಾವುದಕ್ಕೆ ಹೋಯಿತು ಅನ್ನುವುದೂ ಆಯ್ಕೆಯಷ್ಟೇ ಮುಖ್ಯ. ಕೊಳ್ಳುವ ಮೊದಲು ಡೆಕ್ಕಿನ ಮೇಲೆಲ್ಲ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿ ನೋಡಿ. ಟಣ್ ಎಂದರೆ ಸರಿ. ಮಂಕಾದ ಸದ್ದು ಬಂದರೆ ಫೈಬರ್ ಗ್ಲಾಸಿನ ನಡುವಿನ ಮರ ಕೊಳೆತಿರುತ್ತದೆ. ಅಂಥದ್ದನ್ನು ಸುಮ್ನೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ನನ್ನ ಮೊದಲ ಖರ್ಚು ಟ್ರೈಲರ್‌ಗೇ. ಟೈರ್, ಬೇರಿಂಗ್, ದೀಪದ ವಯರ್ ಎಲ್ಲ ಹೊಸದು. ರಸ್ತೆಯಲ್ಲಿ ಬಿಸಿಯಾದ ಹಬ್ (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ಅನ್ನು ತಕ್ಷಣ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ, ಗ್ರೀಸ್ ಕೆಡುತ್ತದೆ. ಹಾಗಾಗಿ ಮಾಸ್ಟ್, ಅಂದರೆ ಹಾಯಿಯ ಕಂಬ, ನಿಲ್ಲಿಸುವ ಕೆಲಸ ಮೊದಲು, ಹಬ್ ತಣ್ಣಗಾದ ಮೇಲೆ ನೀರು. ಎರಡನೆಯದು ಮಾಸ್ಟನ್ನು ಹಿಡಿಯುವ ಉಕ್ಕಿನ ತಂತಿಗಳು. ಹಳೆಯವು ಎಷ್ಟು ವರ್ಷದವು ಎಂದು ಮಾರಿದವರಿಗೇ ಗೊತ್ತಿರಲಿಲ್ಲ, ಎಲ್ಲವನ್ನೂ ಬದಲಿಸಿದೆ.

ಮಾಸ್ಟ್ ಎತ್ತುವಾಗ ಪಕ್ಕದ ತಂತಿಗಳ ಬುಡದಲ್ಲಿರುವ, ತಿರುಗಿಸಿ ತಂತಿ ಬಿಗಿ ಮಾಡುವ ಟರ್ನ್‌ಬಕಲ್‌ಗಳನ್ನು ನೋಡುತ್ತಿರಬೇಕು. ಒಂದು ಅಡ್ಡ ಬಿದ್ದು ಸಿಕ್ಕಿಕೊಂಡರೆ ಮಾಸ್ಟ್ ಏರಿದಂತೆ ಅದು ಬಾಗಿಹೋಗುತ್ತದೆ. ರಬ್ಬರ್ ಹಗ್ಗದಿಂದ ಅವು ನೆಟ್ಟಗೆ ನಿಲ್ಲುವಂತೆ ಕಟ್ಟಿದ್ದೇನೆ. 19 ಅಡಿಯ ದೋಣಿಯ ಮಾಸ್ಟನ್ನು ಒಬ್ಬರೇ ಎತ್ತಬಹುದು. 26 ಅಡಿಯದ್ದಕ್ಕೆ ಕಂಬ, ರಾಟೆ ಎಲ್ಲ ಬೇಕು. ಯಾವುದೇ ದೋಣಿಯಾಗಲಿ, ಮೊದಲು ತಲೆಯೆತ್ತಿ ವಿದ್ಯುತ್ ತಂತಿ ಇದೆಯೇ ನೋಡಿ. ನಿಲ್ಲಿಸುವ ಜಾಗದಲ್ಲಿ ಮಾತ್ರವಲ್ಲ, ಅಲ್ಲಿಂದ ನೀರಿನವರೆಗಿನ ದಾರಿಯಲ್ಲೂ. ಅಲ್ಯೂಮಿನಿಯಂ ಮಾಸ್ಟ್ ತಗುಲಿದರೆ ಜೀವ ಉಳಿಯುವುದಿಲ್ಲ.

ಆಮೇಲೆ ದೊಡ್ಡ ಹಾಯಿಯನ್ನು ಕುಳಿತ ಜಾಗದಿಂದಲೇ ಅರ್ಧಕ್ಕೆ ಇಳಿಸಿ ಕಟ್ಟುವಂತೆ ಎರಡು ಹಗ್ಗ, ಸರಪಳಿ ಸಮೇತ ಒಂದು ಒಳ್ಳೆಯ ಲಂಗರು, ಮೈಗೆ ಸರಿಯಾಗಿ ಕೂರುವ ಲೈಫ್ ಜಾಕೆಟ್, ಒಂದು ಹುಟ್ಟು. ಮುಂದಿನ ಹಾಯಿಯನ್ನು ಸುರುಳಿ ಸುತ್ತುವ ಫರ್ಲರ್ ಕೊಳ್ಳಿ ಎಂದು ಎಲ್ಲರೂ ಹೇಳಿದರು. ನಾನು ಕೊಂಡಿಲ್ಲ. ಹಾಯಿಯ ಮೇಲ್ತುದಿಗೆ ಒಂದು ತೆಳು ಹಗ್ಗ ಕಟ್ಟಿ ಹಿಂದಕ್ಕೆ ತಂದಿದ್ದೇನೆ. ಏರಿಸುವ ಹಗ್ಗ ಸಡಿಲಿಸಿ ಇದನ್ನು ಎಳೆದರೆ ಹಾಯಿ ಕೆಳಗೆ ಬರುತ್ತದೆ. ಫರ್ಲರಿಗೆ ಎತ್ತಿಟ್ಟಿದ್ದ ಹಣದಲ್ಲಿ ಟ್ರೈಲರ್‌ಗೆ ಒಂದು ಸ್ಟೆಪ್ನಿ ಮತ್ತು ಒಂದು ಜೊತೆ ಹೆಚ್ಚುವರಿ ಬೇರಿಂಗ್ ಬಂದವು.