ಎರಡು ಎಚ್‌ಪಿ ಚಾಫ್ ಕಟರ್: ಸಣ್ಣಗೆ ಕತ್ತರಿಸುತ್ತೆ ಅಂತ ಕೊಳ್ಳಬೇಡಿ

ಅಂಗಡಿಯವನು ಮೇವು ಕತ್ತರಿಸುವ ಈ ಮೆಷಿನ್ ಬಗ್ಗೆ ಜಂಬ ಕೊಚ್ಚಿಕೊಂಡಿದ್ದು ಒಂದೇ ವಿಷಯಕ್ಕೆ: "ಮೇವು ರವೆ ಥರ ಬರುತ್ತೆ ಸಾರ್." ನಾನು ಕೊಂಡಿದ್ದು ಮಾತ್ರ ಹಾಗೆ ಬರದಂತೆ ಮಾಡುವ ಗೇರ್ ಇದರಲ್ಲಿ ಇದೆ ಅಂತ.

ಹಸುವಿಗೆ ಮೇಲೆ ಮುಂದಿನ ಹಲ್ಲೇ ಇಲ್ಲ. ಕೆಳಗೆ ಎಂಟು, ಮೇಲೆ ಬರೀ ಗಟ್ಟಿ ವಸಡು. ನಾಲಿಗೆ ಸುತ್ತಿ ಹುಲ್ಲು ಕಿತ್ತು, ಅರೆಬರೆ ಅಗಿದು ನುಂಗಿಬಿಡುತ್ತದೆ. ಬಲಿತ ನೇಪಿಯರ್ ಹುಲ್ಲನ್ನು ಇಡಿಯಾಗಿ ಹಾಕಿದರೆ ಎಲೆ ತಿಂದು ದಂಟು ಬಿಡುತ್ತಿತ್ತು, ಅದೆಲ್ಲ ತಿಪ್ಪೆಗೆ. ಈಗ ಗೋದಲಿ ಖಾಲಿಯಾಗುತ್ತಿದೆ. ರಾಗಿ ಹುಲ್ಲನ್ನೂ ಹಸಿ ಜೋಳದ ಜೊತೆ ಬೆರೆಸಿ ಕೊಡಬಹುದು.

ಹಾಗಂತ ಪುಡಿ ಮಾಡಿದರೆ ಕೆಟ್ಟಿತು. ನಿಜವಾಗಿ ಅರೆಯುವುದು ಆಮೇಲೆ, ಮಲಗಿ ಮೆಲುಕು ಹಾಕುವಾಗ, ದವಡೆ ಹಲ್ಲಲ್ಲಿ. ದಿನಕ್ಕೆ ಏಳೆಂಟು ಗಂಟೆ ಅದೇ ಕೆಲಸ. ದೊಡ್ಡ ಹಸುವಿನ ಜೊಲ್ಲು ದಿನಕ್ಕೆ 100 ಲೀಟರ್ ದಾಟುತ್ತದೆ. ಅಡುಗೆ ಸೋಡಾದಲ್ಲಿರುವ ಬೈಕಾರ್ಬೊನೇಟೇ ಅದರಲ್ಲೂ ಇದೆ. ಮೊದಲ ಹೊಟ್ಟೆ ರೂಮೆನ್‌ನಲ್ಲಿ ನಾರು ಒಡೆಯುವ ಸೂಕ್ಷ್ಮಜೀವಿಗಳು ಆಮ್ಲ ಹುಟ್ಟಿಸುತ್ತಲೇ ಇರುತ್ತವೆ, ಅದನ್ನು ಹದದಲ್ಲಿಡುವುದು ಈ ಜೊಲ್ಲು. ಮೇವು ತೀರಾ ಸಣ್ಣಗಾದರೆ ಮೆಲುಕು ಕಡಿಮೆ, ಜೊಲ್ಲು ಕಡಿಮೆ, ಹೊಟ್ಟೆ ಹುಳಿ, ಕೊನೆಗೆ ಹಾಲಿನ ಫ್ಯಾಟ್ ಇಳಿಯುತ್ತದೆ. ಡೈರಿಯಲ್ಲಿ ಫ್ಯಾಟ್ ನೋಡಿಯೇ ಅಲ್ಲವಾ ದುಡ್ಡು ಕೊಡುವುದು! ನಾನು ಗೇರನ್ನು ಒಂದಿಂಚಿನಿಂದ ಕೆಳಗೆ ಇಳಿಸುವುದೇ ಇಲ್ಲ.

ದೂರು ಒಂದಿದೆ, ದೊಡ್ಡದೇ. ಮೋಟರ್ ಅದುರಿ ಅದುರಿ ಬ್ಲೇಡ್ ಮುಚ್ಚಳದ ಬೋಲ್ಟ್ ಸಡಿಲವಾಗುತ್ತದೆ, ಕಳಚಿದರೆ ಮೇವಿಗೇ ಬೀಳಬಹುದು. ಮೇಕೆಯಾದರೆ ತುಟಿಯಲ್ಲೇ ಆರಿಸಿ ತಿನ್ನುತ್ತದೆ. ಹಸುವಿಗೆ ಆ ನಾಜೂಕಿಲ್ಲ, ಮೇವಿನ ಜೊತೆ ಬಿದ್ದದ್ದೆಲ್ಲ ಒಳಗೆ. ಹಾಗೆ ಹೋದ ಕಬ್ಬಿಣ ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಅದರ ಮುಂದೆ ವಪೆ, ಅಂದರೆ ಹೊಟ್ಟೆಗೂ ಎದೆಗೂ ನಡುವಿನ ಪರದೆ; ವಪೆಯ ಆಚೆಗೇ ಗುಂಡಿಗೆ. ತಂತಿ, ಮೊಳೆಯಂಥ ಚೂಪಾದದ್ದಾದರೆ ಅಲ್ಲಿವರೆಗೂ ಚುಚ್ಚಿಕೊಂಡು ಹೋಗಬಲ್ಲದು. ಮೇವಿನ ಮೆಷಿನ್ ಮಾಡುವವರಿಗೆ ಇದು ಗೊತ್ತಿರಬೇಡವೇ? ಅದುರಿದರೂ ಸಡಿಲವಾಗದ ಲಾಕ್ ನಟ್ ಕೊಟ್ಟಿಲ್ಲ. ನಾನೇ ಪೇಟೆಯಿಂದ ತಂದು ಹಾಕಿ, ಮೇವು ಬೀಳುವ ಬಾಯಿಗೆ ಹಳೇ ಸ್ಪೀಕರಿನ ಅಯಸ್ಕಾಂತ ಕಟ್ಟಿದ್ದೇನೆ.

ಸಿಂಗಲ್ ಫೇಸ್‌ನಲ್ಲಿ ಓಡುತ್ತದೆ, ವೋಲ್ಟೇಜ್ ಇಳಿದಾಗ ಮಾತ್ರ ದಪ್ಪ ಜೋಳದ ದಂಟಿಗೆ ತಿಣುಕುತ್ತದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕೊಳ್ಳುವಾಗ ರಿವರ್ಸ್ ಗೇರ್ ಇದೆಯಾ ನೋಡಿ. ದಂಟು ಸಿಕ್ಕಿಕೊಂಡಾಗ ಯಾರೂ ಕೈ ಹಾಕಿ ಎಳೆಯುವಂತಾಗಬಾರದು.