ಮೇಲಕ್ಕೆ ಏರಿಸುವುದೋ, ಪಕ್ಕಕ್ಕೆ ಚಾಚುವುದೋ?

ಮನೆ ಇಕ್ಕಟ್ಟಾಯಿತು ಅಂದಕೂಡಲೇ ಎಲ್ಲರ ಕಣ್ಣು ತಾರಸಿಯ ಮೇಲೆ. ಮಹಡಿ ಎಬ್ಬಿಸಿದರೆ ಅಂಗಳ ಉಳಿಯುತ್ತದೆ, ಗಾಳಿ ಬೆಳಕೂ ಧಾರಾಳ. ಆದರೆ ಒಂದೇ ಅಂತಸ್ತಿಗೆಂದು ಹಾಕಿದ ಪಾಯ ಇನ್ನೊಂದನ್ನು ಹೊರುತ್ತದೆಯೇ? ಕಂಬದ ತುದಿಯಲ್ಲಿ ಕಂಬಿ ಬಿಟ್ಟಿದ್ದಾರೆ ಎಂಬುದು ಭರವಸೆಯಲ್ಲ. ವರ್ಷಗಟ್ಟಲೆ ಮಳೆಯಲ್ಲಿ ನೆಂದು, ಕೈಯಾಡಿಸಿದರೆ ಪದರ ಪದರವಾಗಿ ತುಕ್ಕು ಉದುರುವ ಕಂಬಿಯನ್ನು ನಂಬಿ ಹೊಸ ಕಂಬ ಎತ್ತುವಂತಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿಯೇ ಹೇಳಬೇಕು. ಮೇಸ್ತ್ರಿಯ ‘ಏನೂ ಆಗಲ್ಲ ಬಿಡಿ’ ಸಾಲದು. ಇನ್ನು ಮೆಟ್ಟಿಲು ಒಳಗಿನಿಂದಲೇ ಬೇಕೆಂದರೆ ಕೆಳಗೆ ಒಂದು ಸಣ್ಣ ಕೋಣೆಯಷ್ಟು ಜಾಗ ನುಂಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಪಕ್ಕಕ್ಕೆ ಚಾಚಿದರೆ ಮೆಟ್ಟಿಲ ಗೊಡವೆಯಿಲ್ಲ. ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ, ಜಾಗವೂ ಇದ್ದರೆ, ನನ್ನ ಮತ ಇದಕ್ಕೇ. ಆದರೆ ಹಳೆಯ ಪಾಯ ಆಗಲೇ ಕುಳಿತಿರುತ್ತದೆ, ಹೊಸದು ಇನ್ನೂ ಕೂರಬೇಕು. ಗೋಡೆಗಳು ಸೇರುವಲ್ಲಿ ಬಿರುಕು ಬಿಡುವುದು ಅದಕ್ಕೇ. ಅಲ್ಲಿ ಬೇಕೆಂದೇ ಸಂದು ಬಿಟ್ಟು, ನೀರಿಳಿಯದಂತೆ ಮುಚ್ಚಿಸಿ. ಹಳೆಯ ಕಿಟಕಿ ಹೊಸ ಕೋಣೆಯೊಳಕ್ಕೆ ತೆರೆದುಕೊಂಡರೆ ನಡುಮನೆಗೆ ಹಗಲಲ್ಲೂ ದೀಪ ಬೇಕಾದೀತು.

ಬೇಕಿರುವುದು ಮಗುವಿಗೆ ಓದುವ ಮೂಲೆಯಷ್ಟೇ ಆದರೆ? ಹಾಲ್‌ಗೆ ಜಿಪ್ಸಂ ಬೋರ್ಡಿನ ಅಡ್ಡಗೋಡೆ ಸಾಕು. ಸದ್ದು ಮಾತ್ರ ದಾಟಿ ಬರುತ್ತದೆ.