ಸುರತ್ಕಲ್–ಸ್ಟೇಟ್ ಬ್ಯಾಂಕ್ ಸಿಟಿ ಬಸ್: ದಿನಾ ಹೋಗಿಬರುವವಳ ವಿಮರ್ಶೆ

ಮಂಗಳೂರಿನ ಸಿಟಿ ಬಸ್ಸಿನ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವ ದೂರು ಸ್ಪೀಡಿನದ್ದು. ನನ್ನ ದೂರು ಉಲ್ಟಾ. ನಮ್ಮ ಬಸ್ ನಿಧಾನ. ಊರೊಳಗೆ ಅಷ್ಟು ನಿಧಾನ ಆಗುವುದರಿಂದಲೇ ಹೈವೇ ಸಿಕ್ಕಿದ ಕೂಡಲೇ ಆ ರೀತಿ ಓಡುತ್ತದೆ. ಸುರತ್ಕಲ್‌ನಿಂದ ಹಂಪನಕಟ್ಟೆ ಕಡೆಗೆ ಕೆಲಸಕ್ಕೆ ಹೋಗಿಬರಲು ಶುರುಮಾಡಿ ವರ್ಷಗಳಾದವು. ಬಸ್ಸು ಬದಲಾಗಿದೆ, ಡ್ರೈವರ್ ಕಂಡಕ್ಟರ್ ಬದಲಾಗಿದ್ದಾರೆ, ಈ ಒಂದು ವಿಷಯ ಮಾತ್ರ ಬದಲಾಗಿಲ್ಲ.

ಹೊರಗಿನವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಇಲ್ಲಿ ಸಿಟಿ ಬಸ್ ಅಂದರೆ ಹೆಚ್ಚಿನವು ಖಾಸಗಿ. ಬೆಂಗಳೂರಿನ ಹಾಗೆ ಇಡೀ ಊರಿಗೆ ಒಂದೇ ನಿಗಮ ಅಲ್ಲ. ಒಬ್ಬರದ್ದು ಒಂದೇ ಬಸ್, ಇನ್ನೊಬ್ಬರದ್ದು ನಾಲ್ಕು, ಹೀಗೆ. ಸರಕಾರಿ ಸಿಟಿ ಬಸ್ಸೂ ಉಂಟು, ಆದರೆ ಕಡಿಮೆ. ಯಾವ ಬಸ್ ಎಷ್ಟು ಗಂಟೆಗೆ ಎಲ್ಲಿಂದ ಹೊರಡಬೇಕು ಎನ್ನುವುದು ಪರ್ಮಿಟ್ ಜೊತೆಗೇ ಬರುತ್ತದೆ. ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಬಸ್ಸಿನವರು ಇದಕ್ಕೆ 'ಟೈಮಿಂಗ್' ಅನ್ನುತ್ತಾರೆ. ಒಂದು ಬಸ್ಸಿಗೂ ಮುಂದಿನದ್ದಕ್ಕೂ ನಡುವೆ ಕೆಲವೇ ನಿಮಿಷ. ಹಾಗಾಗಿ ನಾನು ಬರೆಯುತ್ತಿರುವುದು ಒಂದು ಬಸ್ಸಿನ ಮೇಲಿನ ಸಿಟ್ಟಲ್ಲ, ಈ ರೂಟಿನಲ್ಲಿ ಯಾವ ಬಸ್ ಹತ್ತಿದರೂ ಹೆಚ್ಚುಕಡಿಮೆ ಇದೇ ಕಥೆ.

ಸಂಜೆ ಸ್ಟೇಟ್ ಬ್ಯಾಂಕಿನಲ್ಲಿ, ಅಂದರೆ ಸಿಟಿ ಬಸ್ಸುಗಳು ಹೊರಡುವ ಸ್ಟ್ಯಾಂಡಿನಲ್ಲಿ, ಹತ್ತಿ ಕೂತರೆ ಏನಾಗುತ್ತದೆ ನೋಡಿ. ಹಂಪನಕಟ್ಟೆ, ಕೆ.ಎಸ್. ರಾವ್ ರಸ್ತೆ, ಪಿವಿಎಸ್, ಬೆಸೆಂಟ್, ಬಲ್ಲಾಳ್‌ಬಾಗ್, ಲಾಲ್‌ಬಾಗ್, ಲೇಡಿಹಿಲ್, ಚಿಲಿಂಬಿ, ಉರ್ವ ಸ್ಟೋರ್, ಕೊಟ್ಟಾರ, ಆಮೇಲೆ ಕೊಟ್ಟಾರ ಚೌಕಿ. ಇದು ಹೆಸರಿರುವ ಸ್ಟಾಪುಗಳ ಲೆಕ್ಕ ಮಾತ್ರ. ಇವುಗಳ ಮಧ್ಯೆ ಹೆಸರಿಲ್ಲದವು ಬೇರೆ ಇವೆ: ಮಾಲಿನ ಎದುರು, ಬೇಕರಿಯ ಎದುರು, ಟ್ಯೂಷನ್ ಮುಗಿಸಿ ಮಕ್ಕಳು ನಿಲ್ಲುವ ಮೂಲೆ, ಸಿಗ್ನಲ್ ದಾಟಿ ಸ್ವಲ್ಪ ಮುಂದೆ. ಕೈ ತೋರಿಸಿದರೆ ಅದೇ ಸ್ಟಾಪ್. ಎಂ.ಜಿ. ರೋಡಿನಲ್ಲಿ ಒಂದು ಕಡೆ ಬಸ್ ನಿಂತಾಗ ಎದುರಿನ ಗಾಜಿನಲ್ಲಿ ನೋಡಿದರೆ ಮುಂದಿನ ಸ್ಟಾಪಿನಲ್ಲಿ ನಿಂತವರು ಕಾಣುತ್ತಾರೆ. ಅವರೂ ನಮ್ಮನ್ನು ನೋಡುತ್ತಾ ಇರುತ್ತಾರೆ. ಅಷ್ಟು ದೂರ ನಡೆದು ಬಂದಿದ್ದರೆ ಎಲ್ಲರೂ ಒಟ್ಟಿಗೇ ಹತ್ತಿ ಆಗಿರುತ್ತಿತ್ತು.

ಒಮ್ಮೆ ನಿಂತು ಹೊರಡಲು ಎಷ್ಟು ಹೊತ್ತು ಬೇಕು? ಬ್ರೇಕ್ ಹಾಕಬೇಕು, ಎಡಕ್ಕೆ ಬರಬೇಕು, ಇಳಿಯುವವರು ಇಳಿಯಬೇಕು, ಹತ್ತುವವರು ಹತ್ತಬೇಕು, ವಿಷಲ್ ಬೀಳಬೇಕು, ಬಲಗಡೆ ನುಗ್ಗುವ ಸ್ಕೂಟರ್‌ಗಳನ್ನು ದಾಟಿ ಮತ್ತೆ ರಸ್ತೆಗೆ ಸೇರಬೇಕು. ಒಬ್ಬರೇ ಹತ್ತಿದರೂ ಅರ್ಧ ನಿಮಿಷ ಹೋಯಿತು. ಬೇಡದ ಕಡೆ ಹತ್ತು ಸಲ ನಿಂತರೆ ಐದು ನಿಮಿಷ. ಐದು ನಿಮಿಷ ಏನು ಮಹಾ, ಅನ್ನಿಸಬಹುದು. ಈಗ ಹೈವೇ ಸಿಗುವ ಕೊಟ್ಟಾರ ಚೌಕಿಗೆ ಬನ್ನಿ. ಅಲ್ಲಿಂದ ಸುರತ್ಕಲ್‌ಗೆ ಸುಮಾರು 10 ಕಿ.ಮೀ. ಗಂಟೆಗೆ 40 ಕಿ.ಮೀ. ಸರಾಸರಿಯಲ್ಲಿ ಹೋದರೆ 15 ನಿಮಿಷದ ದಾರಿ. ಊರೊಳಗೆ ಕಳಕೊಂಡ ಐದು ನಿಮಿಷವನ್ನು ಇಲ್ಲೇ ವಾಪಸ್ ತರಬೇಕೆಂದರೆ 10 ನಿಮಿಷದಲ್ಲಿ ಮುಟ್ಟಬೇಕು. ಅಂದರೆ 60ರ ಸರಾಸರಿ. ಮಧ್ಯೆ ಕುಳೂರು, ಪಣಂಬೂರು, ಬೈಕಂಪಾಡಿ, ಕುಳಾಯಿ, ಹೊನ್ನಕಟ್ಟೆಯಲ್ಲಿ ನಿಲ್ಲಿಸಿಯೂ 60ರ ಸರಾಸರಿ ಬರಬೇಕಾದರೆ ಉಳಿದ ಕಡೆ ಎಷ್ಟರಲ್ಲಿ ಓಡಬೇಕು, ನೀವೇ ಲೆಕ್ಕ ಹಾಕಿ. ಅದೂ ಬಂದರಿನಿಂದ ಹೊರಬರುವ ಲಾರಿ, ಕಂಟೈನರ್, ಗ್ಯಾಸ್ ಟ್ಯಾಂಕರ್‌ಗಳ ಮಧ್ಯೆ. ಫಲ್ಗುಣಿ ನದಿ ದಾಟುವ ಕುಳೂರಿನಲ್ಲಿ ಬ್ಲಾಕ್ ಆಗಿಬಿಟ್ಟರೆ ಮುಗಿಯಿತು, ಆ ನಿಮಿಷಗಳೂ ಡ್ರೈವರನ ತಲೆ ಮೇಲೆ.

ಡ್ರೈವರ್‌ಗೆ ಬೈಯುವುದು ಸುಲಭ. ನಾನೂ ಬೈದಿದ್ದೇನೆ, ಮನಸ್ಸಿನಲ್ಲೇ. ಆದರೆ ಬೇಡದ ಕಡೆ ಬಸ್ ನಿಲ್ಲುವುದು ಯಾಕೆ ಅಂತ ನೋಡಿದರೆ ಅದು ಅವನ ಸೋಮಾರಿತನ ಅಲ್ಲ. ಖಾಸಗಿ ಬಸ್ಸಿನಲ್ಲಿ ದಿನದ ಕಲೆಕ್ಷನ್ ಮೇಲೆ ಸಿಬ್ಬಂದಿಯ ಬಾಟಾ (ದಿನದ ಭತ್ಯೆ) ನಿಂತಿರುತ್ತದೆ. ರಸ್ತೆ ಬದಿ ಕೈ ತೋರಿಸುವ ಒಬ್ಬೊಬ್ಬನೂ ದುಡ್ಡು. ನಾವು ಬಿಟ್ಟರೆ ಹಿಂದಿನ ಬಸ್ಸಿಗೆ ಸಿಗುತ್ತಾನೆ.

ಲಾಲ್‌ಬಾಗಿನಲ್ಲಿ ಕಂಡಕ್ಟರನ್ನು ಗಮನಿಸಿ. ಹಿಂದಿನ ಬಾಗಿಲಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇಡೀ ಮೈ ಹೊರಗೆ ಚಾಚಿರುತ್ತಾನೆ. ಬಾಯಲ್ಲಿ "ಸುರತ್ಕಲ್, ಸುರತ್ಕಲ್", ಕಣ್ಣು ಮಾತ್ರ ಹಿಂದಕ್ಕೆ, ಬಲ್ಲಾಳ್‌ಬಾಗಿನ ಕಡೆಗೆ. ರಸ್ತೆ ಖಾಲಿ ಇದ್ದರೆ ಬಸ್ ನಿಂತೇ ಇರುತ್ತದೆ. ಎಂಜಿನ್ ಗುರುಗುಟ್ಟುತ್ತದೆ, ಒಳಗೆ ನಾವು ಬೇಯುತ್ತೇವೆ. ಹಿಂದಿನ ಬಸ್ಸಿನ ತಲೆ ಕಂಡಿತೋ, ಉದ್ದಕ್ಕೆ ಒಂದು ವಿಷಲ್, "ರೈಟ್ ಪೋಯಿ!", ತಗಡಿಗೆ ಎರಡು ಪೆಟ್ಟು. ಅಜ್ಜಿಯೊಬ್ಬರ ಒಂದು ಕಾಲು ಇನ್ನೂ ಮೆಟ್ಟಿಲ ಮೇಲೆ ಇದ್ದರೂ ಬಸ್ ಹೊರಟಾಯಿತು. ಯಾರೋ ಕೈ ಹಿಡಿದು ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಇದು ಎಷ್ಟು ಮಾಮೂಲಿ ಅಂದರೆ ಅಜ್ಜಿಯೂ ಏನೂ ಹೇಳುವುದಿಲ್ಲ.

ಹಾಗಾದರೆ ಸ್ಟಾಪ್ ಎಷ್ಟು ದೂರಕ್ಕೊಂದು ಇರಬೇಕು? ಸಾರಿಗೆ ಯೋಜನೆ ಮಾಡುವವರು ಊರೊಳಗೆ ಸುಮಾರು 400 ಮೀಟರಿನ ಲೆಕ್ಕ ಹೇಳುವುದುಂಟು. ಅದು ಸಾಧಾರಣ ನಡಿಗೆಯಲ್ಲಿ ಐದು ನಿಮಿಷದ ದೂರ. ಅಷ್ಟು ನಡೆಸುತ್ತೀರಾ ಅಂತ ಗಾಬರಿ ಬೇಡ. ಎರಡು ಸ್ಟಾಪ್ ನಡುವೆ 400 ಮೀಟರ್ ಇದ್ದರೆ ಆ ರಸ್ತೆಯಲ್ಲಿರುವ ಯಾರೂ 200 ಮೀಟರಿಗಿಂತ ಜಾಸ್ತಿ ನಡೆಯಬೇಕಾಗಿಲ್ಲ, ಹತ್ತಿರದ್ದು ಯಾವುದೋ ಆ ಕಡೆ ಹೋದರಾಯಿತು. ಈಗ 200 ಮೀಟರಿಗೊಂದು ಇರುವ ಕಡೆ ಅದನ್ನು 400 ಮಾಡಿದರೆ ಒಬ್ಬರಿಗೆ ಹೆಚ್ಚೆಂದರೆ 200 ಮೀಟರ್ ಜಾಸ್ತಿ ನಡಿಗೆ. ಉಳಿಯುವುದು ಬಸ್ಸಿನಲ್ಲಿರುವ ಐವತ್ತು ಅರವತ್ತು ಜನರ ಸಮಯ.

ಕಾಗದದ ಮೇಲೆ ಇದು ಚೆಂದ. ಮಂಗಳೂರಿನ ರಸ್ತೆಯಲ್ಲಿ ಸ್ವಲ್ಪ ತಕರಾರು ಉಂಟು. ಇಲ್ಲಿ ನೆಲ ಸಮತಟ್ಟಲ್ಲ. ಬಿಜೈ, ಕದ್ರಿ, ಬಲ್ಮಠ ಕಡೆ ನೂರು ಮೀಟರ್ ಏರು ಹತ್ತುವುದೂ ಸಮತಟ್ಟಿನಲ್ಲಿ ನೂರು ಮೀಟರ್ ನಡೆಯುವುದೂ ಒಂದೇ ಅಲ್ಲ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಅದೂ ನಮ್ಮ ಮಳೆ! ಕೊಡೆ ಹಿಡಿದರೂ ಮೊಣಕಾಲಿನ ಕೆಳಗೆ ಪೂರ್ತಿ ಚಂಡಿ. ಫುಟ್‌ಪಾತ್ ಇದ್ದಕ್ಕಿದ್ದ ಹಾಗೆ ಮುಗಿದು ಚರಂಡಿ ಶುರುವಾಗುವ ಜಾಗಗಳಿವೆ. ಗಂಟು ನೋವಿನವರಿಗೆ, ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸರಿಗೆ ಇನ್ನೂ ಮುಂದೆ ನಡೆದು ಹೋಗಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಆಸ್ಪತ್ರೆ, ಮಾರ್ಕೆಟ್, ಏರಿನ ತಲೆ, ಇಂಥ ಕಡೆ ಸ್ಟಾಪ್ ಹತ್ತಿರ ಹತ್ತಿರ ಇದ್ದರೂ ಇರಲಿ. ಎಂ.ಜಿ. ರೋಡಿನಂಥ ಕಡೆ ಗಟ್ಟಿಮುಟ್ಟಾದ ನಾಲ್ಕು ಜನ ಹದಿನೈದು ಹೆಜ್ಜೆಗೊಬ್ಬರಂತೆ ನಿಂತು ಪ್ರತಿಯೊಬ್ಬರೂ ಕೈ ತೋರಿಸುವುದು ಮಾತ್ರ ನಿಲ್ಲಬೇಕು. ಬಸ್ಸಿನ ತಪ್ಪಿನಲ್ಲಿ ಇಷ್ಟು ಪಾಲು ನಮ್ಮದು, ಅಲ್ವಾ?

ಸ್ಟಾಪ್ ಹತ್ತಿರ ಆದರೆ ಇನ್ನೊಂದು ಕಾಟ: ಬಸ್ಸುಗಳು ಗುಂಪಾಗುವುದು. ಒಂದು ಬಸ್ ಸ್ವಲ್ಪ ತಡವಾದರೆ ಮುಂದಿನ ಸ್ಟಾಪಿನಲ್ಲಿ ಜನ ಜಾಸ್ತಿ ಸೇರಿರುತ್ತಾರೆ. ಹತ್ತಿಸಿಕೊಳ್ಳಲು ಇನ್ನಷ್ಟು ತಡ. ಅದರ ಹಿಂದಿನದ್ದಕ್ಕೆ ಜನವೇ ಇಲ್ಲ, ಬೇಗ ಬೇಗ ಬಂದು ಬೆನ್ನಿಗೆ ಅಂಟುತ್ತದೆ. ಅರ್ಧ ಗಂಟೆ ಕಾದವರಿಗೆ ಮೂರು ಬಸ್ ಒಟ್ಟಿಗೆ. ಮೊದಲನೆಯದರಲ್ಲಿ ಕಾಲಿಡಲು ಜಾಗ ಇಲ್ಲ, ಮೂರನೆಯದರಲ್ಲಿ ಕಾಲು ಚಾಚಿ ಕೂರಬಹುದು. ಬೇರೆ ಊರುಗಳಲ್ಲೂ ಹೀಗೆ ಆಗುತ್ತದೆ. ನಮ್ಮಲ್ಲಿ ಅದರ ಮೇಲೆ ಕಲೆಕ್ಷನ್ ಜಿದ್ದೂ ಸೇರಿದೆ. ಇಡೀ ರೂಟಿನ ಕಲೆಕ್ಷನ್ ಒಂದೇ ಕಡೆ ಹಾಕಿ ಟ್ರಿಪ್ ಲೆಕ್ಕದಲ್ಲಿ ಹಂಚಿಕೊಂಡರೆ ಅರ್ಧ ರೇಸ್ ಅವತ್ತೇ ಮುಗಿಯುತ್ತದೆ ಎಂದು ನನ್ನ ಅಂದಾಜು. ಮಾಲೀಕರು ಒಪ್ಪುತ್ತಾರಾ ಎನ್ನುವುದು ಬೇರೆ ಮಾತು.

ಟಿಕೆಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೈ ತೋರಿಸಿದಲ್ಲೆಲ್ಲಾ ನಿಲ್ಲಿಸಿದರೂ ದರ ಮಾತ್ರ ಸ್ಟೇಜ್ (ಕೆಲವು ಸ್ಟಾಪ್ ಸೇರಿದ ದರದ ಹಂತ) ಲೆಕ್ಕದಲ್ಲೇ. ಸ್ಟೇಜ್ ದಾಟಿ ಒಂದು ಸ್ಟಾಪ್ ಮುಂದೆ ಹೋದರೂ ಮುಂದಿನ ಸ್ಟೇಜಿನ ದುಡ್ಡು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಸರಕಾರಿ ಬಸ್ಸಿಗೆ ಮಾತ್ರ. ಬೆಂಗಳೂರಿನಲ್ಲಿರುವ ನನ್ನ ತಂಗಿ ಊರೆಲ್ಲಾ ಫ್ರೀ ಓಡಾಡುತ್ತಾಳೆ, ನಾನು ದಿನಾ ಎರಡು ಹೊತ್ತು ಟಿಕೆಟ್ ತೆಗೆಯುತ್ತೇನೆ. ಅವಳ ಮುಂದೆ ಈ ಮಾತು ಎತ್ತುವುದೇ ಇಲ್ಲ, ಸುಮ್ನೆ ಹೊಟ್ಟೆ ಉರಿ.

ರಾತ್ರಿಯದ್ದು ದೊಡ್ಡ ತೊಂದರೆ. ಎಂಟೂವರೆ ದಾಟಿದರೆ ಬಸ್ಸುಗಳು ಒಂದೊಂದಾಗಿ ಮಾಯ. ಜನ ಕಡಿಮೆ ಅಂತ ಕೊನೆಯ ಟ್ರಿಪ್ಪನ್ನು ಕಟ್ ಮಾಡುವವರಿದ್ದಾರೆ. ಸಂಜೆ ಆರಕ್ಕೆ ನನ್ನನ್ನು ಹತ್ತಿಸಲು ಮೂರು ಬಸ್ಸುಗಳ ನಡುವೆ ಜಗಳ, ಒಂಬತ್ತಕ್ಕೆ ಕೇಳುವವರೇ ಇಲ್ಲ. ಒಮ್ಮೆ ಮಳೆಯಲ್ಲಿ ಕಾದು ಕಾದು ಕೊನೆಗೆ ರಿಕ್ಷಾ ಮಾಡಿ ಬಂದೆ. ಆ ಬಾಡಿಗೆಯಲ್ಲಿ ಎಷ್ಟೋ ದಿನ ಬಸ್ಸಿನಲ್ಲಿ ಹೋಗಿಬರಬಹುದಿತ್ತು. ಪರ್ಮಿಟ್ಟಿನಲ್ಲಿರುವ ಟ್ರಿಪ್ ಓಡಲೇಬೇಕು, ಅದರಲ್ಲಿ ಹತ್ತೇ ಜನ ಇದ್ದರೂ.

ಇಷ್ಟೆಲ್ಲಾ ಹೇಳಿಯೂ ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಯಾಕೆಂದರೆ ಹಗಲು ಹೊತ್ತಿನಲ್ಲಿ ಟೈಮ್ ಟೇಬಲ್ ನೋಡಿ ಮನೆಯಿಂದ ಹೊರಡುವ ಕೆಲಸ ನನಗಿಲ್ಲ. ರಸ್ತೆಗೆ ಬಂದರೆ ಒಂದು ಬಸ್ ಬರುತ್ತದೆ. ಇಂಥ ಅನುಕೂಲ ಎಷ್ಟು ಊರುಗಳಲ್ಲಿ ಇದೆ? ಬೆಳಗ್ಗೆ ನಾನು ಹತ್ತುವ ಬಸ್ಸಿನ ಕಂಡಕ್ಟರ್‌ಗೆ ನಾನು ಎಲ್ಲಿ ಇಳಿಯುತ್ತೇನೆ ಅಂತ ಗೊತ್ತು, ಕೇಳದೆ ಟಿಕೆಟ್ ಹರಿಯುತ್ತಾನೆ. ಚಿಲ್ಲರೆ ಇಲ್ಲದಿದ್ದರೆ "ನಾಳೆ ಕೊಡಿ ಅಕ್ಕ" ಅನ್ನುತ್ತಾನೆ. ಶಾಲೆ ಮಕ್ಕಳ ಬ್ಯಾಗುಗಳನ್ನು ಎಂಜಿನ್ ಪಕ್ಕ ಜೋಡಿಸಿ ಇಡುವುದನ್ನು ನೋಡಬೇಕು. "ದುಂಬು ಪೋಲೆ, ದುಂಬು ಪೋಲೆ" ಎಂದು ನಮ್ಮನ್ನು ಮುಂದಕ್ಕೆ ತಳ್ಳುತ್ತಲೇ ಒಬ್ಬ ಗರ್ಭಿಣಿಗೆ ಸೀಟು ಬಿಡಿಸಿಕೊಡುವುದೂ ಅದೇ ಮನುಷ್ಯ.

ಈ ರೂಟಿಗೆ ಹೊಸಬರಾದರೆ ಒಂದೆರಡು ಉಪಾಯ. ಸಂಜೆ ಸೀಟು ಬೇಕಿದ್ದರೆ ಹಂಪನಕಟ್ಟೆಯಲ್ಲಿ ಕಾಯಬೇಡಿ, ಸ್ಟೇಟ್ ಬ್ಯಾಂಕಿಗೇ ನಡೆದು ಹೋಗಿ ಹತ್ತಿ. ಪಿವಿಎಸ್‌ನಿಂದ ಮುಂದೆ ಸೀಟಿನ ಆಸೆಯನ್ನೇ ಬಿಡಿ. ಎರಡು ಬಸ್ ಒಟ್ಟಿಗೆ ಬಂದರೆ ಹಿಂದಿನದ್ದನ್ನು ಹತ್ತಿ, ಬೇಗ ಮುಟ್ಟುವುದು ಅದೇ ಆದರೂ ಆಶ್ಚರ್ಯ ಇಲ್ಲ. ಸುರತ್ಕಲ್‌ಗೆ ಮಾತ್ರ ಹೋಗುವುದಾದರೆ ಉಡುಪಿ ಕಡೆಯ ಎಕ್ಸ್‌ಪ್ರೆಸ್ ಕೂಡ ನೋಡಿ, ಸ್ಟಾಪ್ ಕಡಿಮೆ ಇದ್ದರೆ ಅದೇ ರಸ್ತೆ ಎಷ್ಟು ಚಿಕ್ಕದಾಗುತ್ತದೆ ಅಂತ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಕಿಟಕಿ ಪಕ್ಕದ ಸೀಟಿಗೆ ಆಸೆ ಪಡಬೇಡಿ. ರೆಕ್ಸಿನ್ ಪರದೆ ಇಳಿಸಿ ಕೊಂಡಿ ಹಾಕಿದರೂ ಅದರ ಕೆಳಗಿನ ಅಂಚಿನಿಂದ ನೀರು ಸೀದಾ ಮಡಿಲಿಗೇ ಬರುತ್ತದೆ. ನಡುವಿನ ದಾರಿಯ ಪಕ್ಕ ಕೂತರೆ ಪಕ್ಕದವರ ಕೊಡೆಯ ನೀರು ಮಾತ್ರ.